ಹಿಂದಕ್ಕೆ ಬಂದ ಕೌದಿ

ಅಕ್ಕನ ಮೊದಲ ಕೂಸು ಹನ್ನೊಂದು ದಿನ ಬದುಕಿತ್ತು. ಅದು ಹೋಗಿ ತಿಂಗಳಾದ ಮೇಲೆ, ಅದಕ್ಕೆ ಹಾಸುತ್ತಿದ್ದ ಕೌದಿ ನಮ್ಮ ಮನೆಗೆ ಹಿಂದಕ್ಕೆ ಬಂತು. ತನ್ನೂರು ಮೆಟ್ರಿಯಿಂದ ಭಾವನೇ ತಂದಿದ್ದ. ಹಳೇ ಪಂಚೆಯಲ್ಲಿ ಗಂಟು ಕಟ್ಟಿದ್ದ ಅದನ್ನು ಪಡಸಾಲೆಯ ಕಂಬದ ಬುಡದಲ್ಲಿ ಇಟ್ಟು, "ನಮ್ಮವ್ವ ಕೊಟ್ಟು ಬಾ ಅಂದ್ಲು" ಎಂದಷ್ಟೇ ಹೇಳಿ, ನನ್ನ ಅವ್ವ ತಂದಿಟ್ಟ ನೀರನ್ನೂ ಮುಟ್ಟದೆ ಬಸ್ಸಿನ ನೆವ ಹೇಳಿ ಎದ್ದುಹೋದ. ಗಂಟಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಪಂಚೆಯ ಸಂದಿಯಿಂದ ಹಸಿರು ಅಂಚು ಇಣುಕುತ್ತಿತ್ತು. ಅದು ನಮ್ಮವ್ವನ ಮದುವೆಯ ಸೀರೆಯ ಅಂಚು. ಅಕ್ಕನ ಬಸಿರಿನ ಕುಬಸಕ್ಕೆ ಹೋದಾಗ ಅವ್ವ ತಾನೇ ಹೊಲಿದು ಒಯ್ದುಕೊಟ್ಟಿದ್ದ ಕೌದಿ ಅದು. ಅಕ್ಕನನ್ನು ಬಾಣಂತನಕ್ಕೆ ಕರೆತರುವ ಮೊದಲೇ, ಎಂಟನೇ ತಿಂಗಳಲ್ಲಿ, ಮೆಟ್ರಿಯ ಗಂಡನ ಮನೆಯಲ್ಲೇ ಹೆರಿಗೆಯಾಗಿಬಿಟ್ಟಿತ್ತು. ಒಂಬತ್ತನೇ ದಿನ ಕೂಸಿಗೆ ಜ್ವರ ಬಂತು, ಹನ್ನೊಂದನೇ ದಿನ ಹೋಯಿತು. ಮಾತನಾಡಿಸಲು ಬಂದ ಹೆಂಗಸರೆದುರು ಅಕ್ಕನ ಅತ್ತೆ ಒಂದು ಮಾತು ಹೇಳಿದ್ದಳು. ಆ ಮಾತು ಕಂಪ್ಲಿ, ಹೊಸಪೇಟೆ ಎಲ್ಲ ಸುತ್ತಿ ಕೌದಿಗಿಂತ ಮೊದಲೇ ನಮ್ಮ ಮನೆ ಮುಟ್ಟಿತ್ತು.

"ಹುಟ್ಟೋಕಿಂತ ಮುಂಚೆ ಕೌದಿ ಹೊಲಿದು ತಂದ್ರು. ಅದೂ ಸಂಡೂರಿನ ಕೆಂಪು ಧೂಳು ತುಂಬಿದ ಕೌದಿ. ಎಳೇ ಕೂಸು ಹೆಂಗ ತಡಕೊಂತೈತಿ?"

ಅವ್ವ ಆ ಗಂಟನ್ನು ಮೂರು ದಿನ ಬಿಚ್ಚಲಿಲ್ಲ. ನಾಲ್ಕನೇ ದಿನ, ನಲ್ಲಿ ನೀರು ಬರುವ ದಿನ, ಹಿತ್ತಲಲ್ಲಿ ಕೂತು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸಿದಳು. ಕೌದಿಯನ್ನು ಇಡಿಯಾಗಿ ಒಗೆದರೆ ಮೇಲೆ ಒಣಗಿದಂತೆ ಕಂಡರೂ ಒಳಗಿನ ಪದರ ಹಸಿಯಾಗೇ ಇರುತ್ತದೆ, ಅದಕ್ಕೇ ಬಿಚ್ಚಬೇಕು ಎಂದಳು. ನಾನು ಎದುರಿಗೆ ಕೂತು ದಾರದ ತುಣುಕುಗಳನ್ನು ಆರಿಸುತ್ತಿದ್ದೆ. ನನಗಾಗ ಒಂಬತ್ತು ವರ್ಷ. ಅಗಲವಾದ ಬಟ್ಟೆಗಳು ಒಂದೊಂದಾಗಿ ಬೇರೆಯಾದವು. ಅಡಿಯ ಅಸ್ತರು, ನಡುವಿನ ಎರಡು ಹಳೇ ಧೋತರ, ಮೇಲಿನ ಸೀರೆ. ಅಸ್ತರನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದಳು ನೋಡಿ, ನೀರು ಇಟ್ಟಿಗೆ ಅರೆದಂತೆ ಕೆಂಪಾಯಿತು. ಅವ್ವ ಆ ನೀರನ್ನೇ ನೋಡುತ್ತ ಕೂತಳು. ನಮ್ಮ ಮನೆಯ ಯಾವ ಬಟ್ಟೆ ಅದ್ದಿದರೂ ಅಷ್ಟೇ ಕೆಂಪು ಬಿಡುತ್ತದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅವತ್ತು ಅವಳು ಅದನ್ನು ಬೇರೆ ಕಣ್ಣಿನಿಂದ ನೋಡಿದಳು.

"ನೋಡು ನೀಲಾ," ಎಂದಳು, "ಆಕಿ ಸುಳ್ಳು ಹೇಳಿಲ್ಲ."

ನಮ್ಮ ಮನೆ ಸಂಡೂರಿನಲ್ಲಿ ಅದಿರು ಲಾರಿಗಳು ಹೋಗುವ ರಸ್ತೆಯ ಮೇಲೇ ಇತ್ತು. ಒಂದು ಪಡಸಾಲೆ, ಒಂದು ಒಳಕೋಣೆ, ಹೊಗೆ ಹಿಡಿದ ಅಡುಗೆಮನೆ, ಅದರ ಪಕ್ಕ ಬಚ್ಚಲು, ಹಿಂದೆ ಒಗೆಯುವ ಕಲ್ಲಿದ್ದ ಚಿಕ್ಕ ಹಿತ್ತಲು. ಬೆಳಿಗ್ಗೆ ಸಾರಿಸಿದ ಅಂಗಳ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ತುಳಸಿ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಅಪ್ಪನ ರೆಪ್ಪೆಗೂದಲು ಕೂಡ ಕೆಂಪು. ಅಪ್ಪ ಲಾರಿ ತೂಗುವ ಕಾಟಾದಲ್ಲಿ ಚೀಟಿ ಬರೆಯುತ್ತಿದ್ದ. ಆ ಕೌದಿ ಹಿಂದಕ್ಕೆ ಬರುವ ತನಕ ಈ ಧೂಳು ನಮಗೆ ಧೂಳಾಗಿಯೇ ಇತ್ತು. ಬಂದ ಮೇಲೆ ಅವ್ವನಿಗೆ ಅದು ವೈರಿಯಾಯಿತು. ಅಪ್ಪ ಅಂಗಿ ಬಿಚ್ಚಿ ಜಾಡಿಸದೆ ಹೊಸ್ತಿಲು ದಾಟುವಂತಿರಲಿಲ್ಲ. ಕಿಟಕಿಯ ಸಂದಿಗಳಿಗೆಲ್ಲ ಹಳೇ ಬಟ್ಟೆ ತುರುಕಿದಳು. ಹಾಸಿಗೆ, ಹೊದಿಕೆ, ದಿಂಬಿನ ಚೀಲ, ಮನೆಯಲ್ಲಿದ್ದ ಏಳೂ ಕೌದಿಗಳನ್ನು ಒಂದೊಂದಾಗಿ ಬಿಚ್ಚಿ ಒಗೆಯತೊಡಗಿದಳು. ಒಗೆದದ್ದನ್ನು ಹಿತ್ತಲಲ್ಲಿ ಹರವಿದರೆ ಒಣಗುವುದರೊಳಗೆ ಮತ್ತೆ ಧೂಳು ಕೂರುತ್ತಿತ್ತು, ಅದಕ್ಕೆ ಮನೆಯೊಳಗೇ ಹಗ್ಗ ಕಟ್ಟಿದಳು. ಕಿಟಕಿಯ ಸರಳಿನಿಂದ ಕಂಬಕ್ಕೆ, ಕಂಬದಿಂದ ಬಾಗಿಲ ಚಿಲಕಕ್ಕೆ. ಎಂಟು ಮೊಳ, ಹತ್ತು ಮೊಳದ ಬಟ್ಟೆಗಳು ಪಡಸಾಲೆಯ ತುಂಬ ನೇತಾಡುತ್ತಿದ್ದವು. ನಾವು ತಲೆ ಬಗ್ಗಿಸಿ ಓಡಾಡುತ್ತಿದ್ದೆವು, ಅವುಗಳ ಕೆಳಗೇ ಉಣ್ಣುತ್ತಿದ್ದೆವು. ಒಂದು ದಿನ ಅಪ್ಪ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಳ್ಳುವಾಗ ಮೇಲಿನ ಸೀರೆಯಿಂದ ತಣ್ಣನೆಯ ಹನಿಯೊಂದು ಅವನ ಕತ್ತಿನ ಮೇಲೆ ಬಿತ್ತು.

"ಇದೇನು ಮನೀನೋ, ಅಗಸರ ಹೊಂಡಾನೋ?" ಎಂದು ತಾಟು ಸರಿಸಿದ. "ಈ ಊರಿನ ನೀರೇ ಕೆಂಪು ಐತಿ. ಕೌದಿದೇನು ತಪ್ಪು, ನಿಂದೇನು ತಪ್ಪು? ಯಾರೋ ಏನೋ ಅಂದ್ರು ಅಂತ ಎಷ್ಟು ದಿನ ಹಿಂಗ?"

"ಯಾರೋ ಅಂದಿಲ್ಲ. ಬೀಗ್ತಿ ಅಂದಾಳ."

"ಅಂದ್ರ ಅನ್ನಲಿ ಬಿಡು."

"ನಿಮಗೇನ್ರಿ, ನೀವು ಬಿಡ್ತೀರಿ. ಹೊಲಿದ ಕೈ ನಂದು."

ಆ ಮಾತಿನ ಮೇಲೆ ಅಪ್ಪ ತಾಟು ಎಳೆದುಕೊಂಡು ಮತ್ತೆ ಉಂಡ. ಇಂಥ ಜಗಳ ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಸೋಡಾ ಹಾಕಿ ಕುದಿಸಿದ ಬಟ್ಟೆ ತಿಕ್ಕಿ ತಿಕ್ಕಿ ಅವ್ವನ ಬೆರಳ ತುದಿಗಳು ಸೀಳಿದ್ದವು. ಕಾರ ಕಲಸುವಾಗ ಉಸಿರೆಳೆದುಕೊಳ್ಳುತ್ತಿದ್ದಳು, ಆದರೆ ಹೇಳುತ್ತಿರಲಿಲ್ಲ. ನಾನು ಶಾಲೆಯಿಂದ ಬಂದವಳು ಪಾಟಿಚೀಲ ಇಡುವ ಮೊದಲು ಬಾಗಿಲಲ್ಲಿ ನಿಂತು ಮನೆಯ ಸದ್ದು ಕೇಳುತ್ತಿದ್ದೆ. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಜೋರಾಗಿದ್ದರೆ ಅವತ್ತು ಮೆಟ್ರಿಯ ಕಡೆಯಿಂದ ಏನೋ ಸುದ್ದಿ ಬಂದಿದೆ ಎಂದರ್ಥ. ಮನೆಯ ಗಾಳಿಯನ್ನು ಹೀಗೆ ಕಿವಿಯಿಂದ ಅಳೆಯುವುದನ್ನು ನಾನು ಕಲಿತದ್ದು ಆಗ. ಇಂದಿಗೂ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮುಂಚೆ ಒಂದು ಗಳಿಗೆ ನಿಲ್ಲುತ್ತೇನೆ.

ಎರಡು ವರ್ಷ ಹೀಗೇ ಕಳೆಯಿತು. ಅಕ್ಕ ಮತ್ತೆ ಬಸುರಿಯಾದಳು. ಈ ಸಲ ಅಪ್ಪ ಏಳನೇ ತಿಂಗಳಲ್ಲೇ ಹೋಗಿ ಕರೆದುಕೊಂಡು ಬಂದ. ಶರಣಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಮದುವೆಗೆ ಮುಂಚೆ ಬಾಯಿ ತುಂಬ ಮಾತಾಡುತ್ತಿದ್ದವಳು, ಈಗ ಕಂಬಕ್ಕೊರಗಿ ಕೂತು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಇರುತ್ತಿದ್ದಳು. ಕೂಸು ಒದ್ದಾಗಲೆಲ್ಲ ಬೆರಳು ಮಡಚುತ್ತಿದ್ದಳು. ಬೆಳಗಿನಿಂದ ಐದು ಬೆರಳು ಮಡಚದಿದ್ದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು, ಅದನ್ನು ನೋಡಿ ಅವ್ವನ ಮುಖ, ಅವ್ವನನ್ನು ನೋಡಿ ನನ್ನದು. ಆಸ್ಪತ್ರೆಯ ನರ್ಸಮ್ಮ ಅಕ್ಕನನ್ನು ಪರೀಕ್ಷೆ ಮಾಡುವಾಗ ಹೇಳಿದಳು.

"ಕೂಸಿನ ಬಟ್ಟಿ ಎಲ್ಲಾ ಕುದಿಯೋ ನೀರಿನಾಗ ಹಾಕ್ರಿ, ಚಲೋ ಬಿಸಿಲಿಗೆ ಒಣಗಸ್ರಿ. ಸಾಧ್ಯ ಆದ್ರ ಇಸ್ತ್ರಿ ಮಾಡಿ ಇಡ್ರಿ, ಹಸಿ ಉಳಿಬಾರದು."

ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ್ದಳು. ಅವ್ವ ಅದನ್ನು ಕಿವಿಗೆ ಕಟ್ಟಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳದು ಒಂದೇ ಚಿಂತೆ. "ನಮ್ಮ ಹಿತ್ತಲಾಗ ಬಿಸಿಲು ಐತಿ, ಆದ್ರ ಹರವಂಗಿಲ್ಲ. ಇನ್ನ ಇಸ್ತ್ರಿನೇ ನಮಗ ಬಿಸಿಲು." ಅಪ್ಪ ಯಾರಿಂದಲೋ ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟ. ಎತ್ತಿದರೆ ನನ್ನ ಮುಂಗೈ ನಡುಗುವಷ್ಟು ಭಾರ. ಅವ್ವ ಈ ಸಲ ಸೂಜಿ ಮುಟ್ಟಲಿಲ್ಲ. ಕೂಸು ಹುಟ್ಟುವ ತನಕ ಒಂದೂ ಹೊಲಿಗೆ ಹಾಕಬಾರದು, ಆದರೆ ಹುಟ್ಟಿದ ದಿನವೇ ಕೌದಿ ಸಿದ್ಧವಾಗಬೇಕು. ಅದಕ್ಕಾಗಿ ಬಟ್ಟೆಗಳನ್ನು ಬಿಡಿಬಿಡಿಯಾಗಿ ಒಗೆದು, ಇಸ್ತ್ರಿ ಮಾಡಿ, ಟ್ರಂಕಿನಲ್ಲಿ ಒಂದರ ಮೇಲೊಂದು ಇಡತೊಡಗಿದಳು.

ಅಷ್ಟು ದೊಡ್ಡ ಬಟ್ಟೆಗೆ ಇಸ್ತ್ರಿ ಮಾಡುವುದು ಒಬ್ಬರ ಕೆಲಸವಲ್ಲ. ಮೇಜು ಇರಲಿಲ್ಲ. ನೆಲದ ಮೇಲೆ ಜಮಖಾನ, ಅದರ ಮೇಲೆ ದಪ್ಪನೆಯ ಒಂದು ಧೋತರ ನಾಲ್ಕು ಮಡಿಕೆ ಮಾಡಿ ಹಾಸಿ, ಅವ್ವ ಮಂಡಿಯೂರಿ ಕೂರುತ್ತಿದ್ದಳು. ನಾನು ಆ ತುದಿಯಲ್ಲಿ ಬಟ್ಟೆಯ ಎರಡು ಮೂಲೆ ಹಿಡಿದು, ನೆಲ ತಾಕದಂತೆ, ಸುಕ್ಕಾಗದಂತೆ ಬಿಗಿಯಾಗಿ ಎಳೆದಿರಬೇಕು. ಮಾಡಿ ಮುಗಿಸಿದಷ್ಟನ್ನು ಅವ್ವ ಎಡಗೈಯಿಂದ ಮಡಿಚುತ್ತ ಬರುತ್ತಿದ್ದಳು, ನಾನು ಒಂದೊಂದು ಹೆಜ್ಜೆ ಮುಂದೆ ಸರಿಯುತ್ತಿದ್ದೆ. ಪೆಟ್ಟಿಗೆಯ ಅಡಿಗೆ ಒದ್ದೆ ಬೆರಳು ತಾಗಿಸಿ ಕಾವು ನೋಡುವುದು, ಕಾವು ಇಳಿದರೆ ಮುಚ್ಚಳ ತೆಗೆದು ಊದುವುದು. ಊದುವಾಗ ಕೆಂಡ ಸಿಡಿಯದಂತೆ ಬಟ್ಟೆಯಿಂದ ದೂರ ಒಯ್ಯಬೇಕು. ಮುಗಿದ ಮೇಲೆ ಅವ್ವ ಪ್ರತಿ ಬಟ್ಟೆಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಕೈಗೆ ತಿಳಿಯದ ಹಸಿ ಕೆನ್ನೆಗೆ ತಿಳಿಯುತ್ತದೆ ಎಂದು ನನಗೂ ಕಲಿಸಿದಳು. ಸ್ವಲ್ಪ ತಣ್ಣಗೆನಿಸಿದರೂ ಮತ್ತೆ ಬಿಚ್ಚಿ ಮೊದಲಿನಿಂದ ಶುರು. ಅಕ್ಕ ಕಂಬದ ಬಳಿ ಕೂತು ನೋಡುತ್ತಿದ್ದಳು. ಒಂದು ಸಲ ಮೆಲ್ಲಗೆ ಹೇಳಿದಳು.

"ಸಾಕು ಬಿಡವ್ವ. ಬಟ್ಟಿ ಎಷ್ಟು ತಿಕ್ಕಿದ್ರೂ ಬರೋದು ಬಂದೇ ಬರ್ತೈತಿ."

"ನೀ ಸುಮ್ಮನಿರು," ಎಂದಳು ಅವ್ವ. "ಈ ಸಲ ನನ್ನ ಕಡಿಂದ ಏನೂ ಕಡಿಮಿ ಆಗಬಾರದು."

ಅಕ್ಕನಿಗೆ ನೋವು ಶುರುವಾದದ್ದು ಒಂದು ಬೆಳಿಗ್ಗೆ, ಅವ್ವ ಕೊನೆಯ ಧೋತರಕ್ಕೆ ಕೂತಿದ್ದಾಗ. ಪೆಟ್ಟಿಗೆಯಲ್ಲಿ ಇದ್ದಿಲು ಆಗತಾನೆ ಕೆಂಪಗಾಗಿತ್ತು. ಅಪ್ಪ ಕಾಟಾಕ್ಕೆ ಹೋಗಿದ್ದ. ಅವ್ವ ಓಡಿಹೋಗಿ ಪಕ್ಕದ ಓಣಿಯ ಆಟೋ ಕರೆದುಕೊಂಡು ಬಂದಳು, ಅಕ್ಕನನ್ನು ಹಿಡಿದು ಕೂರಿಸಿದಳು, ತಾನು ಹತ್ತುವ ಮೊದಲು ಹಿಂತಿರುಗಿ ನೋಡಿದಳು.

"ನೀಲಾ, ಅದೊಂದು ಧೋತ್ರ ಉಳದೈತಿ. ಹುಷಾರಾಗಿ ಇಸ್ತ್ರಿ ಮಾಡಿ ಟ್ರಂಕಿನಾಗ ಇಡು. ಹಸಿ ಇರಬಾರದು ನೋಡು."

"ಹೂಂ ಅವ್ವ."

ನಾನೊಬ್ಬಳೇ ಉಳಿದೆ. ಬಾಗಿಲು ಹಾಕಿಕೊಂಡೆ. ಧೋತರದ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ, ಅದಕ್ಕೆ ಕಂಬಕ್ಕೆ ಕಟ್ಟಿದೆ. ಎರಡು ಮೊಳದಷ್ಟು ಚೆನ್ನಾಗೇ ಬಂತು. ಆಮೇಲೆ ಕಾವು ಇಳಿಯಿತು. ಅವ್ವ ಮಾಡುವಂತೆ ಪೆಟ್ಟಿಗೆಯನ್ನು ದೂರ ಒಯ್ಯಬೇಕಿತ್ತು. ಕೈ ಸೋತಿತ್ತು, ಅಲ್ಲೇ ಮುಚ್ಚಳ ತೆಗೆದು ಊದಿದೆ. ಚಟ್ ಎಂದು ಒಂದು ಕೆಂಡ ಹಾರಿ ಧೋತರದ ನಡುವೆ ಬಿತ್ತು. ಬಡಿದು ಆರಿಸಿದೆ. ಬೆರಳ ತುದಿಯಷ್ಟು ತೂತು, ಅದರ ಸುತ್ತ ಕಂದು ಬಣ್ಣದ ಬಳೆ.  ಕೂಸಿನ ಬಟ್ಟೆಗೆ ಬೆಂಕಿ ತಾಗಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಆದರೆ ಒಳ್ಳೆಯದಲ್ಲ ಎಂದು ತಿಳಿಯಲು ಹೇಳಬೇಕಾಗಿಯೂ ಇರಲಿಲ್ಲ. ಮತ್ತೆ ಪೆಟ್ಟಿಗೆ ಮುಟ್ಟುವ ಧೈರ್ಯ ಬರಲಿಲ್ಲ. ಆರು ಮೊಳ ಇನ್ನೂ ತಣ್ಣಗಿತ್ತು, ಕೆನ್ನೆಗೆ ಒತ್ತಿ ನೋಡಿಯೇ ಗೊತ್ತು ಮಾಡಿಕೊಂಡೆ. ಗೊತ್ತಿದ್ದೂ ತೂತು ಒಳಗೆ ಹೋಗುವಂತೆ ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ತಟ್ಟಿ ತಟ್ಟಿ ಸಪಾಟು ಮಾಡಿ, ಟ್ರಂಕಿನಲ್ಲಿ ಇಟ್ಟು ಮುಚ್ಚಳ ಹಾಕಿದೆ.

ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಮರುದಿನ ಬೆಳಿಗ್ಗೆ ಮನೆಗೆ ಕರೆದುಕೊಂಡು ಬಂದರು. ಅವ್ವ ಕಾಲು ತೊಳೆದವಳೇ ಟ್ರಂಕಿನ ಮುಂದೆ ಕೂತಳು. ರಾತ್ರಿಯೆಲ್ಲ ಕಣ್ಣು ಮುಚ್ಚದೆ ಅವಳ ಮುಖ ಬಾತಿತ್ತು. ಕೌದಿಯ ನಡುವಿನ ಪದರಕ್ಕೆ ಆ ಧೋತರವನ್ನೇ, ನಾಲ್ಕು ಮಡಿಕೆ ಇದ್ದಂತೆಯೇ ಎತ್ತಿಕೊಂಡಳು.

"ಇದಕ್ಕ ಇಸ್ತ್ರಿ ಆಗೈತಲ್ಲ?"

"ಆಗೈತಿ."

ಪ್ರತಿಯೊಂದನ್ನೂ ಕೆನ್ನೆಗೆ ಒತ್ತಿ ನೋಡುವವಳು ಅದನ್ನು ನೋಡಲಿಲ್ಲ. ನನ್ನ ಮಾತು ಅವಳಿಗೆ ಸಾಕಾಯಿತು. ಮೇಲೆ ಮೆತ್ತನೆಯ ಸೀರೆ ಹಾಸಿ ದೊಡ್ಡ ದೊಡ್ಡ ಹೊಲಿಗೆ ಹಾಕಿದಳು. ಸೂಜಿ ಒಳಗೆ ಹೋಗಿ ಹೊರಗೆ ಬರುವಾಗಲೆಲ್ಲ ನಾನು ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಿದ್ದೆ. ದಾರ ಕಡಿದು ಗಂಟು ಹಾಕಿದಳು. ಅಕ್ಕ ಕೂಸನ್ನು ಅದರ ಮೇಲೆ ಮಲಗಿಸಿದಳು. ನಾನು ಹೇಳಲಿಲ್ಲ.

ಅವತ್ತೇ ಮಧ್ಯಾಹ್ನ ಅಕ್ಕನ ಅತ್ತೆ ಬಂದಳು. ನಾವೆಲ್ಲ ಅವಳನ್ನು ಮೆಟ್ರಿ ಅಮ್ಮ ಎನ್ನುತ್ತಿದ್ದೆವು. ಎತ್ತರದ, ಒಣಕಲು ಮೈಯ ಹೆಂಗಸು, ಹಣೆಗೆ ಅಡ್ಡ ವಿಭೂತಿ, ಮಾತು ಕಡಿಮೆ. "ಬರ್ರಿ ಅಕ್ಕಾರ, ಕುಂದ್ರಿ," ಎಂದು ಅವ್ವ ಚಾಪೆ ಹಾಸಿ, ತಾನು ಮಾತ್ರ ಕೂರದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೆಟ್ರಿ ಅಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೌದಿಯ ಅಂಚನ್ನು ಎರಡು ಬೆರಳಿನಿಂದ ಹಿಡಿದು ಹಿಸುಕಿದಳು. 

"ಚಲೋ ಐತಿ," ಎಂದಳು. ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಎಬ್ಬಿಸಿದರೂ ಕಣ್ಣು ಬಿಡಲಿಲ್ಲ, ತುಟಿ ಒಣಗಿತ್ತು. ಅಕ್ಕ ಹಣೆ ಮುಟ್ಟಿದವಳು ಹಾವು ಮುಟ್ಟಿದಂತೆ ಕೈ ಹಿಂದಕ್ಕೆಳೆದಳು. ಅವ್ವ ಬಂದು ಮುಟ್ಟಿದಳು. ಮೈ ಕಾದ ಹಂಚಿನ ಹಾಗಿತ್ತು. ಅವ್ವ ಕೂಸನ್ನು ನೋಡಲಿಲ್ಲ, ತಲೆ ಎತ್ತಿ ಗೋಡೆಯ ಬದಿ ಕೂತಿದ್ದ ಮೆಟ್ರಿ ಅಮ್ಮನನ್ನೇ ನೋಡಿದಳು. ಹೊಡೆತ ಬೀಳುತ್ತದೆಂದು ಕಾಯುವ ದನದ ಹಾಗೆ ಕಾಯುತ್ತಿದ್ದಳು. ಆದರೆ ಮೆಟ್ರಿ ಅಮ್ಮ ಎದ್ದು ಬಂದು ಕೂಸನ್ನು ಕೌದಿಯಿಂದ ಎತ್ತಿ ತನ್ನ ಸೆರಗಿನಲ್ಲಿ ಸುತ್ತಿಕೊಂಡಳು.

"ನಡೀರಿ ಆಸ್ಪತ್ರಿಗೆ. ಏಯ್ ಹುಡುಗಿ, ಆಟೋ ಕರಿ. ಜಲ್ದಿ."

ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಟವಳು ಅವಳೇ ಮೊದಲು. ನಾನು ಕೆಂಪು ಧೂಳಿನಲ್ಲಿ ಓಡಿದೆ. ಮನೆಯಿಂದ ಆಸ್ಪತ್ರೆ ದೂರವಿರಲಿಲ್ಲ, ಆದರೆ ಅವತ್ತು ರಸ್ತೆ ತುಂಬ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಆಟೋ ಒಂದೊಂದರ ಬದಿಯಿಂದ ನುಸುಳಿಕೊಂಡು ಹೋಗುವಾಗ ಅಕ್ಕ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದೇ ಕೂತಿದ್ದಳು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅಕ್ಕ ಅದನ್ನು ತೆಗೆಯದಿರುವ ತನಕ ಕೂಸಿಗೆ ಉಸಿರಿದೆ ಎಂದು ನನ್ನ ಲೆಕ್ಕ.

ಆಸ್ಪತ್ರೆಯಲ್ಲಿ ನರ್ಸಮ್ಮ ಕೂಸನ್ನು ಇಸಿದುಕೊಂಡು, ಅಕ್ಕನನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿದಳು. ಹೊರಗಿನ ಬೆಂಚಿನ ಮೇಲೆ ನಾವು ಮೂವರು ಕೂತೆವು. ಈ ತುದಿಗೆ ಅವ್ವ, ಆ ತುದಿಗೆ ಮೆಟ್ರಿ ಅಮ್ಮ, ನಡುವೆ ನಾನು.  ಒಳಗಿಂದ ಕೂಸಿನ ಅಳು ಕೇಳೀತೇ ಎಂದು ನಾನು ಕಿವಿ ನಿಮಿರಿಸಿದ್ದೆ, ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ತಾನಾಗಿಯೇ ಶುರು ಮಾಡಿದಳು. ಯಾರೂ ಕೇಳಿರಲಿಲ್ಲ. ನ್ಯಾಯದ ಕಟ್ಟೆಯ ಮುಂದೆ ನಿಂತವಳಂತೆ ಎರಡೂ ಕೈ ಜೋಡಿಸಿದ್ದಳು.

"ಅಕ್ಕಾರ, ಈ ಸಲ ನಾ ಹುಟ್ಟೋಕ ಮುಂಚೆ ಸೂಜಿ ಹಾಕಿಲ್ರಿ. ಎಲ್ಲಾ ಕುದಿಸೀನ್ರಿ. ಹಿತ್ತಲಾಗ ಒಂದೂ ಹರವಿಲ್ಲ. ಒಂದೊಂದು ಬಟ್ಟಿಗೂ ಇಸ್ತ್ರಿ ಮಾಡೀನ್ರಿ. ಒಂದೂ ಹಸಿ ಇದ್ದಿಲ್ರಿ. ಬೇಕಂದ್ರ ನನ್ನ ಮಕ್ಕಳ ಆಣಿ ಮಾಡ್ತೀನ್ರಿ..."

"ಮಾಡಬ್ಯಾಡವ್ವ!" ನಾನು ಕಿರುಚಿದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಆಣೆ ಸುಳ್ಳಾದರೆ ಯಾರ ತಲೆಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಕ್ಕ ಒಳಗಿದ್ದಳು. ನಾನು ಬಿಕ್ಕುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕೆಂಡ ಸಿಡಿದದ್ದು, ತೂತಾದದ್ದು, ಆರು ಮೊಳ ಹಸಿ ಇದ್ದದ್ದು, ಮಡಿಚಿಟ್ಟದ್ದು, ಕೇಳಿದಾಗ ಆಗೈತಿ ಎಂದದ್ದು. ಮುಗಿಯುವ ಮೊದಲೇ ಅವ್ವನ ಕೈ ನನ್ನ ಕೆನ್ನೆಗೆ ಬಿತ್ತು. ಅದುವರೆಗೆ ಅವಳು ನನಗೆ ಹೊಡೆದವಳಲ್ಲ. ಎರಡನೇ ಏಟಿಗೆ ಎತ್ತಿದ ಕೈಯನ್ನು ಮೆಟ್ರಿ ಅಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡ್ರಿ. ಹೊಡೀಬ್ಯಾಡ್ರಿ ಆಕೀನ."

"ನೀವು ಬಿಡ್ರಿ ಅಕ್ಕಾರ! ಎರಡು ಸಲ... ನನ್ನ ಮನೀ ಬಟ್ಟಿನೇ ಎರಡು ಸಲ..."

"ಬಟ್ಟಿ ಅಲ್ಲ," ಎಂದಳು ಮೆಟ್ರಿ ಅಮ್ಮ.

ಅವ್ವನ ಕೈಯನ್ನು ಬಿಡದೆ, ಎದುರಿನ ಗೋಡೆಯನ್ನು ನೋಡುತ್ತ, ಮೆಲ್ಲಗೆ ಹೇಳಿದಳು. ಅವಳ ಮಾತುಗಳು ನನಗೆ ಈಗಲೂ ಹಾಗೇ ನೆನಪಿವೆ.

"ಆ ಕೂಸಿಗೆ ಒಂಬತ್ತನೇ ದಿನ ಮುಂಜಾನೆ ಹಿಂಗ ಮೈ ಕಾದಿತ್ತು. ನಿಮ್ಮ ಶರಣಿ ಆಸ್ಪತ್ರಿಗೆ ಹೋಗಾನ ಅತ್ತಿ ಅಂದ್ಲು. ಕಾಲು ಹಿಡಕೊಂಡ್ಲು. ನಾ ಬ್ಯಾಡಂದೆ. ಅಮಾಸಿ ಐತಿ, ಹಸಿ ಬಾಣಂತಿ ಹೊಸ್ತಿಲ ದಾಟಬಾರದು ಅಂದೆ. ದೇವರ ಬೂದಿ ಹಚ್ಚಿಕೊಂತ ಎರಡು ದಿನ ಕುಂತೆ. ಅದು ಹೋದ ಮ್ಯಾಲೆ ಮಂದಿ ಬಂದು ಹೆಂಗಾತು, ಹೆಂಗಾತು ಅಂದ್ರು. ನನ್ನ ಬಾಯಿಗೆ ನಿಮ್ಮ ಕೌದಿ ಬಂತು. ಒಂದು ಸಲ ಅಂದ ಮ್ಯಾಲೆ ತಿರುಗಿ ನುಂಗಾಕ ಆಗಲಿಲ್ಲ."

ಆಮೇಲೆ ನನ್ನ ಕಡೆ ನೋಡಿದಳು. "ಈಕಿ ಹೇಳಿದ್ಲು. ಇಷ್ಟು ಸಣ್ಣಾಕಿ."

ಅವ್ವ ಕೈ ಬಿಡಿಸಿಕೊಂಡಳು. ನಾನು ಅವಳು ಅಳುತ್ತಾಳೆ ಎಂದುಕೊಂಡೆ, ಅಥವಾ ಹೋಗಲಿ ಬಿಡ್ರಿ ಎನ್ನುತ್ತಾಳೆ ಎಂದು. ಅವಳು ಅದಾವುದನ್ನೂ ಮಾಡಲಿಲ್ಲ. ಎರಡೂ ಅಂಗೈಗಳನ್ನು ಬಿಡಿಸಿ ಮೆಟ್ರಿ ಅಮ್ಮನ ಮುಖದ ಮುಂದೆ ಹಿಡಿದಳು. ಸೋಡಾ ತಿಂದ ಬೆರಳುಗಳು, ಸೀಳುಗಳಲ್ಲಿ ಕಪ್ಪು ಗೆರೆ, ಉಗುರಿನ ಸುತ್ತ ಸುಲಿದ ತೊಗಲು.

"ಇವನ್ನ ನೋಡ್ರಿ," ಎಂದಳು. "ಎರಡು ವರ್ಷ. ನೀವು ನುಂಗಾಕ ಆಗದಿದ್ದದ್ದನ್ನ ನಾ ತೊಳೆದೀನ್ರಿ."

ಮೆಟ್ರಿ ಅಮ್ಮ ನೋಡಿದಳು. ಕಣ್ಣು ತಪ್ಪಿಸಲಿಲ್ಲ. 

ಎಷ್ಟು ಹೊತ್ತಾಯಿತೋ ತಿಳಿಯದು, ನರ್ಸಮ್ಮ ಬಾಗಿಲು ತೆಗೆದಳು. ಮೂವರೂ ಒಟ್ಟಿಗೇ ಎದ್ದೆವು. ಕೂಸಿಗೆ ಹಾಲು ಸಾಲದೆ ಮೈಯಲ್ಲಿ ನೀರು ಕಡಿಮೆಯಾಗಿ ಜ್ವರ ಬಂದಿರುವ ಹಾಗೆ ಕಾಣುತ್ತದೆ ಎಂದಳು. ಅಕ್ಕನಿಗೆ ಇನ್ನೂ ಹಾಲು ಸರಿಯಾಗಿ ಇಳಿದಿಲ್ಲ, ಮೂರನೇ ದಿನ ಕೆಲವು ಕೂಸುಗಳಿಗೆ ಹೀಗಾಗುತ್ತದೆ, ರಕ್ತದ ಪರೀಕ್ಷೆಯೂ ಮಾಡುತ್ತೇವೆ, ಎರಡು ದಿನ ಇಲ್ಲೇ ಇರಲಿ. ಅವ್ವ ಅವಳ ತೋಳು ಹಿಡಿದುಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಕೌದಿ ಹಸಿ ಇತ್ರಿ. ನಡುವಿನ ಪದರ. ಅದರಿಂದ ಏನಾರ...?"

"ಮೂರು ದಿನದ ಕೂಸಿಗೆ ಹೊಟ್ಟಿ ತುಂಬಿಲ್ಲಮ್ಮ, ಅದರ ಚಿಂತಿ ಮಾಡ್ರಿ," ಎಂದಳು ನರ್ಸಮ್ಮ. "ಜಲ್ದಿ ಕರಕೊಂಡು ಬಂದ್ರಿ, ಚಲೋ ಆತು."

ಮೆಟ್ರಿ ಅಮ್ಮ ಬೆಂಚಿನ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. ಅವ್ವ ಅವಳ ಬಳಿ ಹೋಗಲಿಲ್ಲ. ಆ ಎರಡು ದಿನವೂ ಅವ್ವ ಮನೆಯಿಂದ ಬುತ್ತಿ ತಂದಾಗ ಮೆಟ್ರಿ ಅಮ್ಮನ ಪಾಲಿನ ರೊಟ್ಟಿ, ಗುರೆಳ್ಳು ಚಟ್ನಿ ಬೇರೆಯಾಗಿ ಕಟ್ಟಿ ತರುತ್ತಿದ್ದಳು, ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ತಾನು ಮಾತಾಡಲಿಲ್ಲ. ನನ್ನೊಡನೆಯೂ ಮಾತಾಡಲಿಲ್ಲ. ಹೇಳಿದ್ದಕ್ಕೆ ನನಗೆ ಶಿಕ್ಷೆಯೋ, ಮೊದಲೇ ಹೇಳದಿದ್ದಕ್ಕೆ ಶಿಕ್ಷೆಯೋ ತಿಳಿಯದೆ ಬುತ್ತಿ ಹಿಡಿದು ಓಡಾಡಿದೆ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎರಡನೇ ದಿನದ ಸಂಜೆಯ ಹೊತ್ತಿಗೆ ಕೂಸು ಬಾಯಿ ತುಂಬ ಅತ್ತಿತು. ಮೂರನೇ ಬೆಳಿಗ್ಗೆ ಮನೆಗೆ ಕಳಿಸಿದರು. ಮೆಟ್ರಿ ಅಮ್ಮ ಆಸ್ಪತ್ರೆಯಿಂದಲೇ ಕಂಪ್ಲಿ ಬಸ್ಸು ಹತ್ತಿದಳು. ಹೋಗುವಾಗ ಅವ್ವನ ಮುಂದೆ ಒಂದು ಗಳಿಗೆ ನಿಂತಳು. ಅವ್ವ "ಹೋಗಿ ಬರ್ರಿ" ಎಂದಳು. ಆ ಎರಡು ಮಾತಿಗೂ ಅವಳು ಬಹಳ ಕಷ್ಟಪಟ್ಟಳು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಎಲ್ಲ ಬಿಟ್ಟುಹೋದಂತೆಯೇ ಬಿದ್ದಿತ್ತು, ಬುತ್ತಿಗೆಂದು ಬಂದಾಗಲೂ ಅವ್ವ ಮುಟ್ಟಿರಲಿಲ್ಲ. ಹಗ್ಗದ ಮೇಲೆ ಎರಡು ಬಟ್ಟೆ, ಮೂಲೆಯಲ್ಲಿ ಕೂಸಿನ ಕೌದಿ, ಅದರ ಪಕ್ಕ ಒಗೆಯದ ಬಟ್ಟೆಗಳ ರಾಶಿ. ಅವ್ವ ಕೂಸಿಗೆ ತನ್ನ ಸೀರೆಯೊಂದನ್ನು ಮಡಿಚಿ ಹಾಸಿಕೊಟ್ಟಳು. ಅಕ್ಕ ಹಾಲೂಡಿಸುತ್ತ ಕೂತಿದ್ದಳು. ಅವಳ ಎದುರು ನಿಂತು ಅವ್ವ ಕೇಳಿದಳು.

"ಶರಣಿ, ಆಸ್ಪತ್ರಿಗೆ ಬ್ಯಾಡಂದಿದ್ದು ನಿನಗ ಗೊತ್ತಿತ್ತು. ಎರಡು ವರ್ಷ ನಾ ಹಿಂಗ ತಿಕ್ಕೋದು ನೋಡಿಕೊಂತ ಇದ್ದಿ. ಯಾಕ ಹೇಳಲಿಲ್ಲ?"

ಅಕ್ಕ ತಲೆ ಎತ್ತಲಿಲ್ಲ. ಕೂಸಿನ ತುಟಿಯ ಬದಿ ಇಳಿದ ಹಾಲನ್ನು ಒರೆಸಿದಳು.

"ಹೇಳಿದ್ರ ನಾ ಆ ಮನ್ಯಾಗ ಹೆಂಗ ಬಾಳಬೇಕಿತ್ತವ್ವ?"

ಹೊರಗೆ ಲಾರಿ ಹೋದವು, ಒಂದು, ಎರಡು, ಮೂರು. ಅವ್ವ ಅಲ್ಲೇ ನಿಂತಿದ್ದಳು. ಬೈಯುತ್ತಾಳೆ ಎಂದು ನಾನು ಗೋಡೆಗೆ ಒತ್ತಿಕೊಂಡೆ. ಅವಳು ಬೈಯಲಿಲ್ಲ. ಅಕ್ಕನ ತಲೆಯ ಮೇಲೆ ಕೈಯಿಟ್ಟು ತೆಗೆದಳು. ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಅವ್ವ ಬಕೆಟ್ಟಿನ ಕಡೆ ಹೋಗಲಿಲ್ಲ. ಹಗ್ಗದ ಕೆಳಗೆ, ಬರೀ ನೆಲದ ಮೇಲೆ, ತೋಳನ್ನೇ ತಲೆದಿಂಬು ಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಸೂರ್ಯ ನೆತ್ತಿಯ ಮೇಲಿದ್ದ. ಹಗಲಿನಲ್ಲಿ ಅವ್ವ ಮಲಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೀರು ಬಕೆಟ್ ತುಂಬಿ ಹರಿದು ಬಚ್ಚಲಿಗೆ ಹೋಗುತ್ತಿತ್ತು, ನಾನು ಹೋಗಿ ನಲ್ಲಿ ನಿಲ್ಲಿಸಿ ಬಂದೆ. ಅವಳು ಮಿಸುಕಲಿಲ್ಲ. ಅವಳಿಗೆ ಏನಾದರೂ ಆಗಿದೆಯೇನೋ ಎಂದು ಹೆದರಿ, ಪಕ್ಕದಲ್ಲಿ ಕೂತು, ಕುಪ್ಪಸ ಏರುವುದನ್ನೂ ಇಳಿಯುವುದನ್ನೂ ನೋಡತೊಡಗಿದೆ. ಏರಿತು, ಇಳಿಯಿತು. ಶಾಲೆ ಬಿಟ್ಟ ಮಕ್ಕಳು ಓಣಿಯಲ್ಲಿ ಕೂಗಾಡಿಕೊಂಡು ಹೋಗುವ ತನಕವೂ ಅವಳು ಮಲಗಿದ್ದಳು, ಅಲ್ಲಿಯ ತನಕವೂ ನಾನು ಅಲ್ಲಿಂದ ಏಳಲಿಲ್ಲ.